ಕಾವೇರಿ ದಂಡೆಯ ಗಾಳದ ತಂಗುದಾಣ: ಮೀನಿನ ಆರೈಕೆಯಲ್ಲಿ ಶಿಸ್ತು, ಚೀಟಿ ಹಂಚಿಕೆಯಲ್ಲಿ ಪಕ್ಷಪಾತ

ಕೊಡಗಿನಲ್ಲಿ ಕಾವೇರಿ ದಂಡೆಗೆ ಹೊಂದಿಕೊಂಡ ಕಾಫಿ ತೋಟವೊಂದರ ಅಂಚಿನಲ್ಲಿ, ಗಾಳದ ಹವ್ಯಾಸಿಗಳಿಗಾಗಿಯೇ ನಡೆಸುತ್ತಿರುವ ತಂಗುದಾಣದ ಬಗ್ಗೆ ಈ ವಿಮರ್ಶೆ. ಉಳಿದುಕೊಳ್ಳಲು ಕೋಣೆ, ಎರಡು ಹೊತ್ತಿನ ಊಟ, ಹೊಳೆಯ ಗೊತ್ತುಮಾಡಿದ ಭಾಗದಲ್ಲಿ ಮಹಶೀರ್ ಮೀನಿಗೆ ಗಾಳ ಹಾಕಲು ದಿನದ ಚೀಟಿ, ಜೊತೆಗೆ ಬರಲು ಒಬ್ಬ ಸ್ಥಳೀಯ ಸಹಾಯಕ, ಇವಿಷ್ಟೂ ಸೇರಿ ಒಂದೇ ಶುಲ್ಕ. ಅಲ್ಲಿನ ನಿಯಮದಂತೆ ಹಿಡಿದ ಮೀನನ್ನು ಮತ್ತೆ ಹೊಳೆಗೇ ಬಿಡಬೇಕು. ತಂಗುದಾಣದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇಲ್ಲಿ ಹೇಳಲಿರುವ ಆಕ್ಷೇಪಗಳನ್ನು ಮಾಲೀಕರ ಎದುರಿಗೇ ಹೇಳಿದ್ದೇನೆ, ತಿದ್ದಿಕೊಳ್ಳುವ ಅವಕಾಶ ಅವರಿಗೆ ಇರಬೇಕು. ಅಲ್ಲದೆ ಈ ಆಕ್ಷೇಪಗಳು ಒಂದೇ ಜಾಗಕ್ಕೆ ಸೇರಿದವೂ ಅಲ್ಲ. ಹೊಳೆದಂಡೆಯಲ್ಲಿ ಇಂಥ ಸೇವೆ ಕೊಡುವ ಯಾರನ್ನೇ ಆಗಲಿ, ಹಣ ಕಟ್ಟುವವರು ಕೇಳಬೇಕಾದ ಪ್ರಶ್ನೆಗಳು ಇವು.

ಮೊದಲು ಮೀನಿನ ವಿಚಾರ ಹೇಳಬೇಕು, ಏಕೆಂದರೆ ಈ ಸೇವೆಯ ಬೆಲೆಯೆಲ್ಲ ನಿಂತಿರುವುದು ಅದರ ಮೇಲೆ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಹಶೀರ್ ಒಂದು ಕಾಲದಲ್ಲಿ ಜಗತ್ತಿನ ಗಾಳಗಾರರನ್ನು ದಕ್ಷಿಣ ಭಾರತಕ್ಕೆ ಸೆಳೆದ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡ್ ತೂಕದ ಮಹಶೀರ್ ಇಂದಿಗೂ ದಾಖಲೆಯಾಗಿ ಉಳಿದಿದೆ. ಅಷ್ಟು ಹೆಸರಾಂತ ಮೀನಿನ ವೈಜ್ಞಾನಿಕ ಗುರುತು ಖಚಿತವಾದದ್ದು 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯಿಂದ ಅದಕ್ಕೆ ಮೊದಲೇ ವಿವರಿಸಲಾಗಿದ್ದ ಟಾರ್ ರೆಮದೇವಿ ಎಂಬ ಪ್ರಭೇದವೂ ಇದೂ ಒಂದೇ ಎಂದು ಆ ವರ್ಷ ಸಂಶೋಧಕರು ತೋರಿಸಿದರು, ಅದೇ ವರ್ಷ ಅದು ಅಳಿವಿನ ಅತ್ಯಂತ ಗಂಭೀರ ಅಪಾಯದಲ್ಲಿರುವ ಪ್ರಭೇದಗಳ ಜಾಗತಿಕ ಪಟ್ಟಿಗೂ ಸೇರಿತು. ಕೊಡಗಿನ ಹರಿವಿನಲ್ಲಿ ಇಂದು ಗಾಳಕ್ಕೆ ಸಿಗುವುದು ಹೆಚ್ಚಾಗಿ ನೀಲಿ ರೆಕ್ಕೆಯ ಮಹಶೀರ್. ಮಹಾರಾಷ್ಟ್ರದ ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ 1970ರ ದಶಕದಿಂದ ಬೆಳೆಸಿ ಹಲವು ನದಿಗಳಿಗೆ ಬಿಟ್ಟದ್ದು ಈ ಮೀನನ್ನೇ. ನಮ್ಮ ಹಾರಂಗಿಯಲ್ಲಿಯೂ ಮೀನುಗಾರಿಕೆ ಇಲಾಖೆ ಮಹಶೀರ್ ಮರಿ ಉತ್ಪಾದಿಸುತ್ತದೆ. ಆದ್ದರಿಂದ ತಂಗುದಾಣದ ಗೋಡೆಯ ಮೇಲೆ ತೂಗುಹಾಕಿರುವ ಗೂನುಬೆನ್ನಿನ ಮೀನಿನ ಹಳೆಯ ಛಾಯಾಚಿತ್ರಗಳನ್ನು ನೋಡಿ ಅದೇ ಮೀನು ಸಿಗುತ್ತದೆಂದು ಯಾರೂ ಹೋಗಬಾರದು. ಇದನ್ನು ಅಲ್ಲಿನ ಸಹಾಯಕರು ಮೊದಲೇ ಸ್ಪಷ್ಟವಾಗಿ ಹೇಳುತ್ತಾರೆ. ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ಹೊಳೆಯ ಮೇಲಿನ ಕೆಲಸದಲ್ಲಿ ದೋಷ ಹುಡುಕುವುದು ಕಷ್ಟ. ಬೆಳಕು ಹರಿಯುವ ಮೊದಲೇ ಸಹಾಯಕರು ಬೇಯಿಸಿ ನಾದಿದ ರಾಗಿ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿರುತ್ತಾರೆ. ಅದನ್ನು ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಮಾಡಿ ಗಾಳಕ್ಕೆ ಒತ್ತುವುದರಲ್ಲಿಯೂ ಒಂದು ಹದವಿದೆ. ಸಡಿಲವಾದರೆ ಸೆಳವು ಕಿತ್ತುಕೊಂಡು ಹೋಗುತ್ತದೆ, ಗಟ್ಟಿಯಾದರೆ ಮೀನು ಮೂಸಿ ಬಿಟ್ಟುಬಿಡುತ್ತದೆ. ಗಾಳಗಳ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರುತ್ತಾರೆ, ಮನೆಯಿಂದ ತಂದ ಗಾಳವಾದರೂ ಈ ನಿಯಮಕ್ಕೆ ವಿನಾಯಿತಿಯಿಲ್ಲ. ನನ್ನ ಜೊತೆಗಿದ್ದವರೊಬ್ಬರು ದುಬಾರಿ ವಿದೇಶಿ ಗಾಳವನ್ನು ಹಾಳುಮಾಡಬೇಡಿ ಎಂದು ಕೇಳಿಕೊಂಡರೂ ಸಹಾಯಕರು ಒಪ್ಪಲಿಲ್ಲ. ಅಲ್ಲಿಗೆ ಮೊದಲ ಸಲ ಹೋಗುವವರಿಗೆ ಇದು ಒರಟುತನವೆನಿಸಬಹುದು, ನನಗೆ ಮಾತ್ರ ಇದೇ ಆ ಸೇವೆಯ ಗುಣಮಟ್ಟದ ಗುರುತು.

ಮೀನು ಸಿಕ್ಕಾಗ ಅವರು ನಡೆದುಕೊಳ್ಳುವ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಂಡೆಗಳ ನಡುವಿನ ಸೆಳವಿನಲ್ಲಿ ಮಹಶೀರ್ ಗಾಳ ನುಂಗಿದ ಕೂಡಲೇ ದಾರವನ್ನು ಹೊತ್ತು ಓಡುವುದು ಎಲ್ಲರೂ ಹೇಳುವ ಮಾತು. ಆದರೆ ಆ ಮೀನು ಎಷ್ಟು ಬೇಗ ಸುಸ್ತಾಗುತ್ತದೆ, ಸುಸ್ತಾದ ಮೀನನ್ನು ನೀರಿನಿಂದ ಎತ್ತಿದರೆ ಅದಕ್ಕೆ ಏನಾಗುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಇಲ್ಲಿ ಮೀನನ್ನು ದಂಡೆಗೆ ಎಳೆಯುವುದಿಲ್ಲ. ಸಹಾಯಕರು ಮೊಣಕಾಲುಮಟ್ಟ ನೀರಿಗಿಳಿದು, ಕೈ ಒದ್ದೆ ಮಾಡಿಕೊಂಡು, ಒಂದು ಕೈಯನ್ನು ಬಾಲದ ಬುಡಕ್ಕೂ ಇನ್ನೊಂದನ್ನು ಹೊಟ್ಟೆಯಡಿಗೂ ಕೊಟ್ಟು ನೀರಿನಲ್ಲಿಯೇ ಹಿಡಿಯುತ್ತಾರೆ. ಒಣ ಕೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಹೋಗುತ್ತದೆ, ಲೋಳೆ ಹೋದ ಜಾಗಕ್ಕೆ ಬೂಷ್ಟು ಹಿಡಿಯುತ್ತದೆ. ನಾಣ್ಯಕ್ಕಿಂತ ಅಗಲವಾದ ಹುರುಪೆಗಳು, ಅವುಗಳ ಅಂಚಿನ ಕಂಚಿನ ಛಾಯೆ, ಕೊಳವೆಯಂತೆ ಮುಂದಕ್ಕೆ ಚಾಚುವ ದಪ್ಪ ತುಟಿ, ಅದರ ಪಕ್ಕದ ಮೀಸೆಗಳು, ಇವೆಲ್ಲವನ್ನೂ ನೀರಿನೊಳಗೇ ನೋಡಬೇಕು, ಛಾಯಾಚಿತ್ರವನ್ನೂ ಅಲ್ಲಿಯೇ ತೆಗೆದುಕೊಳ್ಳಬೇಕು. ಗಾಳ ಬಿಡಿಸಿದ ಮೇಲೆ ಮೀನಿನ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಕಿವಿರು ಒಂದೇ ಲಯದಲ್ಲಿ ಆಡತೊಡಗುವವರೆಗೆ ಕಾಯುತ್ತಾರೆ. ತಾನಾಗಿಯೇ ಬಾಲ ಬೀಸಿ ಕೈಯಿಂದ ಹೊರಟರೆ ಮಾತ್ರ ಬಿಡುತ್ತಾರೆ. ಅಳತೆಯೂ ನೀರಿನಲ್ಲಿಯೇ, ಬಲೆಯ ಅಂಚಿಗೆ ಹೊಲಿದಿರುವ ಟೇಪಿನಿಂದ. ಇಷ್ಟು ಜಾಗ್ರತೆಯನ್ನು ನಾನು ಬೇರೆ ಕಡೆ ಕಂಡಿಲ್ಲ. ಇದನ್ನು ಮಾಡುವವರು ಸಂಬಳಕ್ಕಾಗಿ ಮಾತ್ರ ಮಾಡುತ್ತಿಲ್ಲ ಎಂಬುದು ಒಂದೇ ಬೆಳಗಿನಲ್ಲಿ ತಿಳಿಯುತ್ತದೆ.

ಕೋಣೆ ಸ್ವಚ್ಛ, ಹಾಸಿಗೆ ಸಾಧಾರಣ. ಊಟ ಚೆನ್ನಾಗಿದೆ. ಅಕ್ಕಿ ರೊಟ್ಟಿ, ಕಡಂಬುಟ್ಟು, ಬೈಂಬಳೆ ಕರಿ, ಬೇಕೆಂದವರಿಗೆ ಪಂದಿಕರಿ. ಹೊಳೆಯ ನಾಡಮೀನನ್ನು ಅಡುಗೆಗೆ ಬಳಸುವುದಿಲ್ಲ. ಕಾಚಂಪುಳಿ ಹಾಕಿ ಹುರಿದ ತಿಲಾಪಿಯಾ ಮಾತ್ರ ಇರುತ್ತದೆ. ಹೊರಗಿನಿಂದ ಬಂದು ನಮ್ಮ ನೀರನ್ನೆಲ್ಲ ಆವರಿಸಿರುವ ಮೀನನ್ನು ತಟ್ಟೆಗೆ ತರುವುದು ಸರಿಯಾದ ಆಯ್ಕೆ.

ಇನ್ನು ತಂಗುದಾಣದ ಪರಿಚಯಪತ್ರದ ವಿಷಯಕ್ಕೆ ಬರುತ್ತೇನೆ. ಅದರ ಮೊದಲ ಪುಟದಲ್ಲಿಯೇ, ಇಲ್ಲಿನ ಹೊಳೆಭಾಗವನ್ನು ಸಾಲ್ಮನ್ ಮೀನಿಗೆ ಹೆಸರಾದ ಐರೋಪ್ಯ ನದಿಗಳ ಮಾದರಿಯಲ್ಲಿ ನಿರ್ವಹಿಸಲಾಗುತ್ತಿದೆ, ಮಿತ ಸಂಖ್ಯೆಯ ಪರವಾನಗಿಯಿಂದ ಕಳ್ಳ ಮೀನುಗಾರಿಕೆ ನಿಂತಿದೆ ಎಂಬರ್ಥದ ಮಾತಿದೆ. ಎರಡು ಭಾಗಗಳ ಈ ಹೇಳಿಕೆಯಲ್ಲಿ ಎರಡನೆಯದು ನಿಜವಲ್ಲ, ಮೊದಲನೆಯದು ಅರ್ಧ ನಿಜ.

ಕಳ್ಳ ಮೀನುಗಾರಿಕೆ ನಿಂತಿಲ್ಲ. ನಾವಿದ್ದ ಒಂದು ಸಂಜೆ, ಕತ್ತಲಾಗುವ ಹೊತ್ತಿಗೆ, ಹೊಳೆಯ ಕೆಳಭಾಗದಿಂದ ನೆಲದೊಳಗಿಂದ ಬಂದಂಥ ಒಂದು ಮಂದ ಸದ್ದು ಕೇಳಿತು. ಅತಿಥಿಗಳಲ್ಲಿ ಹಲವರು ಅದನ್ನು ಆನೆ ಓಡಿಸುವ ಪಟಾಕಿ ಎಂದುಕೊಂಡರು. ಸಹಾಯಕರು ಮಾತ್ರ ತಲೆಯೆತ್ತದೆ, ತೋಟೆ ಹಾಕಿದರು ಎಂದರು. ಮೀನು ಕೊಲ್ಲಲು ನೀರಿಗೆ ಸ್ಫೋಟಕ ಎಸೆದರು ಎಂದು ಅದರ ಅರ್ಥ. ಮರುದಿನ ಬೆಳಿಗ್ಗೆ ಅವರೊಂದಿಗೆ ಆ ಮಡುವಿನವರೆಗೂ ನಡೆದು ಹೋದಾಗ ದೊಡ್ಡ ಮೀನು ಒಂದೂ ಕಾಣಲಿಲ್ಲ, ಅವನ್ನು ರಾತ್ರಿಯೇ ಒಯ್ದಿದ್ದರು. ಹೊಳೆಮತ್ತಿಯ ಬೇರುಗಳ ನಡುವೆ ಬೆರಳುದ್ದದ ಮರಿಗಳು ಹೊಟ್ಟೆ ಮೇಲಾಗಿ ಸಿಕ್ಕಿಕೊಂಡಿದ್ದವು. ಅವರು ಒಂದನ್ನು ಎತ್ತಿ ಉಗುರಿನಿಂದ ಸೀಳಿ ತೋರಿಸಿದರು. ಒಳಗಿನ ಗಾಳಿಚೀಲ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಸಿಡಿತದ ಒತ್ತಡ ನೀರಿನಲ್ಲಿ ಹರಡುವಾಗ ಮೊದಲು ಒಡೆಯುವುದು ಮೀನು ತೇಲಲು ಆಧಾರವಾದ ಈ ಚೀಲ. ಸತ್ತ ಮೀನುಗಳಲ್ಲಿ ಬಹಳಷ್ಟು ಮುಳುಗಿಹೋಗುವುದರಿಂದ ತೋಟೆ ಹಾಕಿದವರ ಕೈಗೂ ಎಲ್ಲವೂ ಸಿಗುವುದಿಲ್ಲ. ಅವರು ಒಯ್ದದ್ದಕ್ಕಿಂತ ಹೊಳೆ ಕಳೆದುಕೊಂಡದ್ದು ಎಷ್ಟೋ ಪಾಲು ಹೆಚ್ಚು.

ಇದು ಒಂದೇ ಬಗೆಯ ಕಳ್ಳತನವೂ ಅಲ್ಲ. ಬೇಸಿಗೆಯಲ್ಲಿ ಹರಿವು ಸಣ್ಣದಾಗಿ ಮಡುಗಳು ಬೇರೆಬೇರೆಯಾದಾಗ ಬ್ಲೀಚಿಂಗ್ ಪುಡಿ ಸುರಿಯುವವರಿದ್ದಾರೆ, ಬ್ಯಾಟರಿಗೆ ಇನ್ವರ್ಟರ್ ಜೋಡಿಸಿ ನೀರಿಗೆ ಕರೆಂಟು ಬಿಡುವವರಿದ್ದಾರೆ. ಮೊದಲ ಮಳೆಗೆ ಮೊಟ್ಟೆಯಿಡಲು ಹೊಳೆ ಏರುವ ಹತ್ತುಮೀನನ್ನು ತೋಡಿನ ಬಾಯಲ್ಲಿಯೇ ತಡೆದು ಹಿಡಿಯುವವರೂ ಇದ್ದಾರೆ. ಸ್ಫೋಟಕ ಮತ್ತು ವಿಷ ಹಾಕಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕಾ ಕಾಯ್ದೆಯೇ ಅಪರಾಧವೆಂದಿತ್ತು. ಅಂದಮೇಲೆ ಇಲ್ಲಿ ಕಾನೂನಿನ ಕೊರತೆಯಿಲ್ಲ. ಭಕ್ತಿಯಿಂದ ಮೀನು ಉಳಿಯುವ ಜಾಗಗಳೂ ನಮ್ಮಲ್ಲಿವೆ. ಕೊಡಗಿನಿಂದ ಇಳಿದ ಕಾವೇರಿ ರಾಮನಾಥಪುರದ ದೇವಾಲಯದ ಮುಂದೆ ಹರಿಯುವಲ್ಲಿ ಯಾರೂ ಗಾಳ ಹಾಕುವುದಿಲ್ಲ. ಆದರೆ ಭಕ್ತಿಯೊಂದೇ ಸಾಲದೆಂಬುದಕ್ಕೆ ಘಟ್ಟದ ಕೆಳಗಿನ ಶಿಶಿಲದಲ್ಲಿ 1996ರಲ್ಲಿ ವಿಷಪ್ರಾಶನದಿಂದ ಸತ್ತ ದೇವರಮೀನುಗಳೂ ಅವುಗಳ ನೆನಪಿಗೆ ನಿಲ್ಲಿಸಿದ ಸ್ಮಾರಕವೂ ಸಾಕ್ಷಿಯಾಗಿವೆ. ಕಾಯುವ ಕಣ್ಣು ಬೇಕು, ಕಂಡದ್ದನ್ನು ಬರೆದಿಡುವ ಪುಸ್ತಕ ಬೇಕು.

ಆ ಪುಸ್ತಕ ತಂಗುದಾಣದಲ್ಲಿದೆ. ಉದ್ದನೆಯ, ರಟ್ಟಿನ ಹೊದಿಕೆಯ ದಾಖಲೆ ಪುಸ್ತಕ. ದಿನಾಂಕ, ಚೀಟಿಯ ಸಂಖ್ಯೆ, ಹೆಸರು, ಊರು, ಮಡು, ಗಾಳ ಹಾಕಿದ ಗಂಟೆಗಳು, ಸಿಕ್ಕ ಮೀನು, ಅಳತೆ, ಕೊನೆಗೆ ಷರಾ ಎಂಬ ಅಂಕಣ. ಬರವಣಿಗೆ ಅಚ್ಚುಕಟ್ಟಾಗಿದೆ. ಮೀನು ಸಿಗದ ದಿನವನ್ನೂ ಸೊನ್ನೆಯೆಂದು ಬರೆದಿದ್ದಾರೆ, ಇದು ಬಹಳ ಮುಖ್ಯ. ಗೂನುಬೆನ್ನಿನ ಮಹಶೀರ್ ಕುಸಿಯುತ್ತಿದೆ, ನೀಲಿ ರೆಕ್ಕೆಯದು ಅದರ ಜಾಗಕ್ಕೆ ಬರುತ್ತಿದೆ ಎಂಬುದು ಜಗತ್ತಿಗೆ ತಿಳಿದದ್ದೇ ಇಂಥ ಪುಸ್ತಕದಿಂದ. ಕಾವೇರಿ ವನ್ಯಧಾಮದ ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಲೆಕ್ಕವೇ ಸಂಶೋಧಕರಿಗೆ ಆಧಾರವಾಯಿತು. ಮುಂದೆ ಆ ಶಿಬಿರಗಳಲ್ಲಿ ಗಾಳ ಹಾಕುವುದು ವನ್ಯಜೀವಿ ಕಾಯ್ದೆಯ ಕಾರಣದಿಂದ ನಿಂತಾಗ ಲೆಕ್ಕವೂ ಅಲ್ಲಿಗೇ ನಿಂತಿತು. ಹೀಗಿರುವಾಗ ಕೊಡಗಿನ ಈ ಪುಸ್ತಕಕ್ಕೆ ತಂಗುದಾಣದ ಲೆಕ್ಕಪತ್ರಕ್ಕಿಂತ ಹೆಚ್ಚಿನ ಬೆಲೆಯಿದೆ.

ಆದರೆ ಷರಾ ಅಂಕಣ ಪುಟಗಟ್ಟಲೆ ಖಾಲಿ. ಹಿಂದಿನ ಸಂಜೆಯ ತೋಟೆಯ ವಿಷಯವನ್ನು ಅಲ್ಲಿ ಬರೆಯಿರಿ ಎಂದು ನಾನು ವ್ಯವಸ್ಥಾಪಕರನ್ನು ಕೇಳಿದೆ. ಅತಿಥಿಗಳು ಪುಸ್ತಕ ನೋಡುತ್ತಾರೆ, ಹೆದರಿ ಮುಂದಿನ ವಾರದ ಚೀಟಿ ರದ್ದು ಮಾಡುತ್ತಾರೆ ಎಂದು ಅವರು ನಿರಾಕರಿಸಿದರು. ಇಲಾಖೆಗೆ ತಿಳಿಸಿದ್ದೀರಾ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಈ ಒಂದು ವಿಷಯದಲ್ಲಿ ನನ್ನ ಅಸಮಾಧಾನವನ್ನು ಮೃದುಗೊಳಿಸಿ ಬರೆಯಲಾರೆ. ಹೊಳೆ ಕಾಯುತ್ತೇವೆಂದು ಹಣ ಪಡೆಯುವ ಸಂಸ್ಥೆ ಹೊಳೆಗೆ ಬಿದ್ದ ಪೆಟ್ಟನ್ನು ಮುಚ್ಚಿಟ್ಟರೆ, ಆ ಮೌನದ ಲಾಭ ನೇರವಾಗಿ ಹೋಗುವುದು ತೋಟೆ ಹಾಕಿದವನಿಗೆ.

ಇನ್ನು ಚೀಟಿಯ ಹಂಚಿಕೆ. ದಿನಕ್ಕೆ ಇಂತಿಷ್ಟೇ ಗಾಳ ಎಂಬ ಮಿತಿಯನ್ನು ಅವರು ನಿಷ್ಠೆಯಿಂದ ಪಾಲಿಸುತ್ತಾರೆ, ಹಣ ಹೆಚ್ಚು ಕೊಡುತ್ತೇವೆಂದವರಿಗೂ ಮೀರಿ ಕೊಡುವುದಿಲ್ಲ. ಪ್ರಶ್ನೆಯಿರುವುದು ಆ ಮಿತಿಯೊಳಗಿನ ಚೀಟಿಗಳು ಯಾರಿಗೆ ಸಿಗುತ್ತವೆ ಎಂಬುದರಲ್ಲಿ. ನೀರು ತಿಳಿಯಾಗುವ ತಿಂಗಳುಗಳ ವಾರಾಂತ್ಯಗಳೆಲ್ಲ ಹಂಗಾಮು ಆರಂಭವಾಗುವ ಮೊದಲೇ ಹಳೆಯ ಗಿರಾಕಿಗಳ ಹೆಸರಿಗೆ ಮೀಸಲಾಗಿರುತ್ತವೆ. ದಿನಾಂಕ ತೆರೆಯುವುದನ್ನು ಎಲ್ಲಿಯೂ ಪ್ರಕಟಿಸುವುದಿಲ್ಲ, ದೂರವಾಣಿಯಲ್ಲಿ ಪರಿಚಯವಿದ್ದವರಿಗೆ ಮೊದಲು ತಿಳಿಯುತ್ತದೆ. ದಾಖಲೆ ಪುಸ್ತಕದ ಊರು ಅಂಕಣದಲ್ಲಿ ನನಗೆ ಕಂಡದ್ದು ಬೆಂಗಳೂರು, ಮೈಸೂರು, ಚೆನ್ನೈ, ಮುಂಬಯಿ. ಮಡಿಕೇರಿ, ವಿರಾಜಪೇಟೆಗಳು ಅಪರೂಪಕ್ಕೆ ಇವೆ. ಹೊಳೆದಂಡೆಯ ಹಾಡಿಗಳ, ಅಂದರೆ ಆದಿವಾಸಿಗಳ ವಸತಿಗಳ, ಹೆಸರು ಒಂದು ಕಡೆಯೂ ಇಲ್ಲ. ದಿನದ ಶುಲ್ಕ ಕಾಫಿ ತೋಟದ ಕಾರ್ಮಿಕರ ಹಲವು ದಿನಗಳ ಕೂಲಿಗೆ ಸಮನಾಗಿರುವಾಗ ಇರಲು ಸಾಧ್ಯವೂ ಇಲ್ಲ.

ಆದರೆ ಗಾಳಕ್ಕೆ ರಾಗಿ ನಾದುವವರು, ಮೀನಿರುವ ಮಡುವನ್ನು ನೀರಿನ ಬಣ್ಣ ನೋಡಿಯೇ ಹೇಳುವವರು, ತೋಟೆಯ ಸದ್ದನ್ನು ಪಟಾಕಿಯ ಸದ್ದಿನಿಂದ ಬೇರ್ಪಡಿಸಿ ಗುರುತಿಸುವವರು ಆ ಹಾಡಿಗಳವರೇ. ನನ್ನ ಜೊತೆ ಬಂದ ಜೇನುಕುರುಬ ಹಿರಿಯರು, ಮಡುವಿನ ಎದುರಿನ ಒಂದು ಬಂಡೆಯನ್ನು ತೋರಿಸಿ, "ನಮ್ಮಪ್ಪ ಇದೇ ಬಂಡೆ ಮೇಲೆ ಕೂತು ಗಾಳ ಹಾಕ್ತಿದ್ದ ಸಾರ್. ಈಗ ನಾನು ಕೂತ್ರೆ ಕಳ್ಳ ಅಂತಾರೆ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಸಂಜೆಯ ಸಾರಿಗೆ ನಾಲ್ಕು ಸಣ್ಣ ಮೀನು ಹಿಡಿಯಲು ಕೈಗಾಳ ಹಾಕುವವನನ್ನೂ, ಕಲ್ಲುಕ್ವಾರಿಯ ಸ್ಫೋಟಕ ತಂದು ಮಡುವನ್ನೇ ಸಿಡಿಸುವವನನ್ನೂ, "ಅನಧಿಕೃತ" ಎಂಬ ಒಂದೇ ಹಲಗೆಯ ಕೆಳಗೆ ನಿಲ್ಲಿಸುವುದು ಆ ತಂಗುದಾಣದ ನಿಯಮ. ನ್ಯಾಯದ ದೃಷ್ಟಿಯಿಂದ ಇದು ತಪ್ಪು, ಹೊಳೆಯ ರಕ್ಷಣೆಯ ದೃಷ್ಟಿಯಿಂದಲೂ ತಪ್ಪು. ಮೊದಲನೆಯವನನ್ನು ಕಳ್ಳನೆಂದು ಓಡಿಸಿದ ಮೇಲೆ, ಎರಡನೆಯವನು ಬಂದ ರಾತ್ರಿ ನಮಗೆ ಸುದ್ದಿ ಕೊಡುವವರು ಯಾರು?

ಪರಿಚಯಪತ್ರ ಹೆಸರಿಸುವ ಸಾಲ್ಮನ್ ನದಿಗಳ ಇತಿಹಾಸವೂ ಇದನ್ನೇ ಹೇಳುತ್ತದೆ. ಸಾಲ್ಮನ್ ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ತಾನು ಹುಟ್ಟಿದ ಹೊಳೆಗೇ ಮರಳುವ ಮೀನು. ನಮ್ಮ ಮಹಶೀರ್ ಸಮುದ್ರಕ್ಕೆ ಹೋಗುವುದಿಲ್ಲ, ಮಳೆಗಾಲದಲ್ಲಿ ಹೊಳೆಯೊಳಗೇ ಮೇಲಕ್ಕೆ ಏರುತ್ತದೆ. ಆದರೂ ಮೊಟ್ಟೆ ಹೊತ್ತು ಏರುವ ಮೀನನ್ನು ಕಿರಿದಾದ ಜಾಗದಲ್ಲಿ ತಡೆದು ಹಿಡಿಯುವುದು ಎರಡೂ ಕಡೆ ಸುಲಭ, ಆದ್ದರಿಂದ ಕಳ್ಳಬೇಟೆಯ ಬಗೆಗಳೂ ಒಂದನ್ನೊಂದು ಹೋಲುತ್ತವೆ. ಬ್ರಿಟನ್ನಿನ ಹೊಳೆಗಳಲ್ಲಿ ಮೊಲದ ಬಿಲಗಳಿಗೆಂದು ಮಾರುತ್ತಿದ್ದ ಸೈನೈಡ್ ಪುಡಿಯನ್ನು ಸುರಿದು ಸಾಲ್ಮನ್ ಕೊಲ್ಲುತ್ತಿದ್ದರು. ಅಟ್ಲಾಂಟಿಕ್ ಸಾಲ್ಮನ್ ಎಷ್ಟು ಕುಗ್ಗಿದೆಯೆಂದರೆ 2023ರಲ್ಲಿ ಅದನ್ನು ಅಪಾಯದ ಅಂಚಿಗೆ ಬಂದ ಪ್ರಭೇದಗಳ ಸಾಲಿಗೆ ಸೇರಿಸಲಾಯಿತು. ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಹಿಡಿಯುವ ಹಕ್ಕು ಖಾಸಗಿ ಆಸ್ತಿ. ಅಲ್ಲಿ 2016ರಿಂದ ನದಿಗಳನ್ನು ದರ್ಜೆಗಳಾಗಿ ವಿಂಗಡಿಸಿ, ಮೀನು ತೀರ ಕಡಿಮೆಯಿರುವ ನದಿಗಳಲ್ಲಿ ಹಿಡಿದದ್ದನ್ನೆಲ್ಲ ಬಿಡಲೇಬೇಕೆಂದು ಕಡ್ಡಾಯ ಮಾಡಿದ್ದಾರೆ. ಕೊಡಗಿನ ಈ ತಂಗುದಾಣ ತಂದಿರುವುದು ಈ ಮಾದರಿಯ ಒಂದು ತುಣುಕನ್ನು. ಆದರೆ ನಮ್ಮ ಹೊಳೆ ದಂಡೆಯ ತೋಟದವರ ಆಸ್ತಿಯಲ್ಲ. ಇಲ್ಲಿ ನದಿಭಾಗವನ್ನು ಗುತ್ತಿಗೆಗೋ ಪರವಾನಗಿಗೋ ಕೊಡುವುದು ಸರ್ಕಾರ, ಅಂದರೆ ಕೊಡುವ ವಸ್ತು ಸಾರ್ವಜನಿಕರದ್ದು.

ಸಾಲ್ಮನ್ ನದಿಗಳಿಂದಲೇ ಕಲಿಯುವುದಾದರೆ ಐರ್ಲೆಂಡನ್ನು ನೋಡಬಹುದಿತ್ತು. ಅಲ್ಲಿ 2001ರಿಂದ ಕೊಂದ ಪ್ರತಿ ಸಾಲ್ಮನ್ನಿಗೂ ಸಂಖ್ಯೆಯಿರುವ ಗುರುತಿನ ಪಟ್ಟಿ (ಟ್ಯಾಗ್) ಕಟ್ಟಬೇಕು, ದಾಖಲೆ ಪುಸ್ತಕದಲ್ಲಿ ಬರೆಯಬೇಕು, ಹಂಗಾಮು ಮುಗಿದ ಮೇಲೆ ಆ ಪುಸ್ತಕವನ್ನು ಹಿಂದಿರುಗಿಸಬೇಕು. ಪಟ್ಟಿಯಿಲ್ಲದ ಮೀನು ಮಾರುಕಟ್ಟೆಯಲ್ಲಿ ಕಂಡರೆ ಅದು ಕಳ್ಳಮಾಲು ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಸಮುದ್ರದಲ್ಲಿ ತೇಲುಬಲೆ ಬಿಡುವುದನ್ನು 2007ರಲ್ಲಿ ನಿಲ್ಲಿಸಿದಾಗ ಬಲೆಗಾರರಿಗೆ ಪರಿಹಾರ ಕೊಟ್ಟರು. ಹಿಡಿಯಬಹುದಾದ ಮೀನು ಬಹಳ ಕಡಿಮೆಯಿರುವ ಕೆಲವು ಕಡೆ ಪಟ್ಟಿಗಳನ್ನು ಚೀಟಿಯೆತ್ತಿ ಹಂಚುತ್ತಾರೆ, ಪರಿಚಯಕ್ಕೂ ಹಣಕ್ಕೂ ಅಲ್ಲಿ ಬೆಲೆಯಿಲ್ಲ.

ಅಮೆರಿಕದ ಪಶ್ಚಿಮ ಕರಾವಳಿಯ ಕಥೆ ಇನ್ನೂ ಹತ್ತಿರದ್ದು. ವಾಷಿಂಗ್ಟನ್ ರಾಜ್ಯದಲ್ಲಿ ಮೂಲನಿವಾಸಿಗಳು ತಮ್ಮ ಹಳೆಯ ಜಾಗಗಳಲ್ಲಿ ಸಾಲ್ಮನ್ ಹಿಡಿದರೆ ಅಕ್ರಮವೆಂದು ಬಂಧಿಸುತ್ತಿದ್ದರು. 1850ರ ದಶಕದ ಒಪ್ಪಂದಗಳಲ್ಲಿ ಅವರಿಗೆ ಆ ಹಕ್ಕನ್ನು ಉಳಿಸಿಕೊಟ್ಟಿದ್ದನ್ನು ಎತ್ತಿಹಿಡಿದು, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಆ ಬುಡಕಟ್ಟುಗಳದ್ದೆಂದು ನ್ಯಾಯಾಧೀಶ ಜಾರ್ಜ್ ಬೋಲ್ಟ್ 1974ರಲ್ಲಿ ತೀರ್ಪು ಕೊಟ್ಟರು. 1979ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಬಹುಮಟ್ಟಿಗೆ ಒಪ್ಪಿತು. ಕಳ್ಳರೆನಿಸಿಕೊಂಡಿದ್ದವರು ಮೀನಿನ ನಿರ್ವಹಣೆಯಲ್ಲಿ ರಾಜ್ಯದ ಪಾಲುದಾರರಾದರು. ಕೆನಡಾದಲ್ಲಿ ಪರವಾನಗಿ ಅನುಮತಿಸಿದ್ದಕ್ಕಿಂತ ಉದ್ದದ ಬಲೆ ಬಿಟ್ಟನೆಂದು ಮಸ್ಕ್ವಿಯಂ ಸಮುದಾಯದ ರೊನಾಲ್ಡ್ ಸ್ಪ್ಯಾರೋ ಮೇಲೆ ಹೂಡಿದ ಮೊಕದ್ದಮೆಯಲ್ಲಿ, ಅಲ್ಲಿನ ಸುಪ್ರೀಂ ಕೋರ್ಟ್ 1990ರಲ್ಲಿ ಆದ್ಯತೆಯ ಕ್ರಮವನ್ನು ಸ್ಪಷ್ಟಪಡಿಸಿತು. ಮೊದಲು ಮೀನಿನ ಸಂರಕ್ಷಣೆ, ಅದಾದ ಕೂಡಲೇ ಮೂಲನಿವಾಸಿಗಳ ಆಹಾರ ಮತ್ತು ಆಚರಣೆಯ ಮೀನುಗಾರಿಕೆ, ವ್ಯಾಪಾರದ ಬಲೆಯೂ ಹವ್ಯಾಸದ ಗಾಳವೂ ಅದರ ನಂತರ. ನಮ್ಮ ತಂಗುದಾಣದ ಪುಸ್ತಕದಲ್ಲಿ ಈ ಕ್ರಮ ತಲೆಕೆಳಗಾಗಿದೆ.

ಇದಕ್ಕೆ ಪರದೇಶದ ತೀರ್ಪುಗಳೇ ಬೇಕೆಂದಿಲ್ಲ. ನಮ್ಮದೇ 2006ರ ಅರಣ್ಯ ಹಕ್ಕು ಕಾಯ್ದೆ, ಕಾಡಿನ ಜಲಮೂಲಗಳ ಮೀನು ಮತ್ತು ಇತರ ಉತ್ಪನ್ನಗಳ ಮೇಲಿನ ಬಳಕೆಯನ್ನು ಸಮುದಾಯದ ಹಕ್ಕುಗಳಲ್ಲಿ ಒಂದೆಂದು ಹೆಸರಿಸಿ ಹೇಳಿದೆ. ದುಬಾರೆಯಂಥ ಕಡೆಗಳಲ್ಲಿ ಕಾಡೂ ಹೊಳೆಯೂ ಒಂದಕ್ಕೊಂದು ತಾಗಿಯೇ ಇವೆ. ಜೇನುಕುರುಬರು, ಬೆಟ್ಟಕುರುಬರು, ಯರವರು ಆ ದಂಡೆಯಲ್ಲಿ ತಲೆಮಾರುಗಳಿಂದ ಇದ್ದಾರೆ. ಅವರೆಲ್ಲ ಮಹಶೀರ್ ಹಿಡಿದು ತಿನ್ನಲಿ ಎಂದು ನಾನು ವಾದಿಸುತ್ತಿಲ್ಲ. ಆ ಮೀನನ್ನು ಯಾರೂ ಕೊಲ್ಲಬಾರದೆಂಬ ನಿಯಮ ಅತಿಥಿಗಳಿಗೆ ಹೇಗೋ ಅವರಿಗೂ ಹಾಗೆಯೇ ಇರಲಿ. ತಿಲಾಪಿಯಾ ಮತ್ತು ಇತರ ಸಾಮಾನ್ಯ ಮೀನುಗಳಿಗೆ ಕೈಗಾಳ ಹಾಕಲು, ಗೊತ್ತಾದ ಜಾಗದಲ್ಲಿ ಬೀಸುಬಲೆ ಬೀಸಲು ಹಾಡಿಯ ಮನೆಗಳಿಗೆ ಶುಲ್ಕವಿಲ್ಲದ ಚೀಟಿ ಸಿಗಬೇಕು. ಆ ಚೀಟಿಗೂ ಸಂಖ್ಯೆ ಇರಬೇಕು, ಅದರ ಮೀನೂ ಪುಸ್ತಕಕ್ಕೆ ಬರಬೇಕು. ಹವ್ಯಾಸಿಗಳ ಚೀಟಿಯಲ್ಲಿಯೂ ಒಂದು ಪಾಲನ್ನು ಕೊಡಗಿನವರಿಗೆ ಕೈಗೆಟಕುವ ದರದಲ್ಲಿ ಇಟ್ಟು, ಉಳಿದದ್ದನ್ನು ಗೊತ್ತುಪಡಿಸಿದ ದಿನ ಬಹಿರಂಗವಾಗಿ ಚೀಟಿಯೆತ್ತಿ ಹಂಚಿದರೆ ಹಳೆಯ ಗಿರಾಕಿಗಳಿಗೂ ದೊಡ್ಡ ಅನ್ಯಾಯವೇನೂ ಆಗದು.

ಹೊರಡುವ ಮುನ್ನ ಇವೆಲ್ಲವನ್ನೂ ಮಾಲೀಕರ ಮುಂದಿಟ್ಟೆ. ಅವರು ತಾಳ್ಮೆಯಿಂದ ಕೇಳಿದರು, ಕಾಫಿ ತರಿಸಿದರು, ಕೆಲವು ಮಾತುಗಳನ್ನು ಬರೆದುಕೊಂಡರು. ತೋಟೆ, ವಿಷ, ಕರೆಂಟಿನ ಪ್ರಕರಣಗಳನ್ನು ಇನ್ನು ಮುಂದೆ ಷರಾ ಅಂಕಣದಲ್ಲಿ ಬರೆಸಿ, ಅದರ ಪ್ರತಿಯನ್ನು ಇಲಾಖೆಗೆ ಕಳುಹಿಸಲು ಒಪ್ಪಿದರು. ಪರಿಚಯಪತ್ರದ "ನಿಂತಿದೆ" ಎಂಬ ಮಾತನ್ನು ತೆಗೆಯುವುದಾಗಿಯೂ ಹೇಳಿದರು. ಹಾಡಿಯವರ ಚೀಟಿಯ ವಿಷಯಕ್ಕೆ ಬಂದಾಗ, ಒಬ್ಬರಿಗೆ ಕೊಟ್ಟರೆ ನಾಳೆ ಎಲ್ಲರೂ ಬರುತ್ತಾರೆ ಎಂದರು. ಮಿತಿ ಇಡುವುದರಲ್ಲಿ ಅಷ್ಟು ಅನುಭವವಿರುವವರಿಗೆ ಈ ಹೆದರಿಕೆ ಏಕೆಂದು ಕೇಳಿದೆ. ನೋಡೋಣ ಎಂದಷ್ಟೇ ಹೇಳಿದರು. ನಾನು ಇದನ್ನು ಒಪ್ಪಿಗೆಯೆಂದು ಲೆಕ್ಕ ಹಾಕಿಲ್ಲ.

ಹೋಗಬಯಸುವವರಿಗೆ ಹೇಳಬೇಕಾದದ್ದು ಇಷ್ಟು. ಮಳೆ ನಿಂತು ನೀರು ತಿಳಿಯಾದ ಮೇಲೆ, ಬೇಸಿಗೆಯ ಕೊನೆಗೆ ಹರಿವು ತೀರ ಸಣ್ಣದಾಗುವ ಮೊದಲು ಹೋಗಿ. ಸೊರಗಿದ ಬೆಚ್ಚಗಿನ ನೀರಿನಲ್ಲಿ ಹಿಡಿದು ಬಿಟ್ಟ ಮೀನೂ ಉಳಿಯುವುದು ಕಷ್ಟ. ವಾರಾಂತ್ಯಕ್ಕೆ ಪಟ್ಟು ಹಿಡಿಯದಿದ್ದರೆ ಚೀಟಿ ಸಿಗುವ ಸಾಧ್ಯತೆ ಹೆಚ್ಚು. ಹಣ ಕಟ್ಟುವ ಮೊದಲು ನದಿಭಾಗದ ಅನುಮತಿಪತ್ರದ ಪ್ರತಿಯನ್ನೂ ದಾಖಲೆ ಪುಸ್ತಕವನ್ನೂ ತೋರಿಸಲು ಕೇಳಿ. ಷರಾ ಅಂಕಣ ಇನ್ನೂ ಖಾಲಿಯಿದ್ದರೆ ಅದನ್ನು ಅವರಿಗೇ ತೋರಿಸಿ. ಸಹಾಯಕರಿಗೆ ಕೊಡುವ ಹಣವನ್ನು ಕಚೇರಿಯಲ್ಲಿ ಕಟ್ಟದೆ ನೇರವಾಗಿ ಅವರ ಕೈಗೇ ಕೊಡಿ. ಮೀನಿನ ಆರೈಕೆಗೆ ಐದಕ್ಕೆ ಐದು ಅಂಕ ಕೊಡುತ್ತೇನೆ, ಊಟಕ್ಕೆ ನಾಲ್ಕು, ಹೊಳೆ ಕಾವಲಿಗೆ ಎರಡು, ಚೀಟಿಯ ಹಂಚಿಕೆಗೆ ಒಂದು. ಹಾಡಿಯವರ ಹೆಸರಿಗೆ ಮೊದಲ ಚೀಟಿ ಬರೆದ ದಿನ ಈ ಕೊನೆಯ ಅಂಕವನ್ನು ಬದಲಿಸಿ ಬರೆಯುತ್ತೇನೆ, ತಂಗುದಾಣದ ಹೆಸರನ್ನೂ ಸೇರಿಸುತ್ತೇನೆ.